ಕಸದ ಮೆಟ್ಟಿಲಿನ ದನಿ

“ಆ ದನಿ ನಂದಲ್ಲ ಸರ್.”

ಪ್ರೇಮಮ್ಮ ಇಷ್ಟು ಹೇಳಿ ಕಾಫಿ ಲೋಟವನ್ನು ಕಿಟಕಿಯ ಕಟ್ಟೆಯ ಮೇಲಿಟ್ಟಳು. ವರ್ಷಗಟ್ಟಲೆ ಒಳಗಿಟ್ಟುಕೊಂಡ ಮಾತನ್ನು ಹೊರಗೆ ಹಾಕುವಾಗ ಎಂಥೆಂಥವರೋ ಅತ್ತದ್ದನ್ನು ಬೆನಕಪ್ಪ ತನ್ನ ಪೊಲೀಸ್ ನೌಕರಿಯಲ್ಲಿ ನೋಡಿದ್ದ. ಈಕೆ ಮಾತ್ರ ತಲೆಹೊರೆ ಇಳಿಸಿದವಳಂತೆ ಉಸಿರು ಬಿಟ್ಟಳು.

ನ್ಯಾಮತಿಯ ಆ ಪುಟ್ಟ ಪಡಸಾಲೆಯಲ್ಲಿ ಇದ್ದವರು ಮೂವರೇ. ಮನೆಯೊಡತಿ ಪ್ರೇಮಮ್ಮ, ಚನ್ನಗಿರಿಯಿಂದ ಬಂದಿದ್ದ ನಿವೃತ್ತ ಸಬ್ ಇನ್ಸ್‌ಪೆಕ್ಟರ್ ಬೆನಕಪ್ಪ, ಅವನ ಹೆಂಡತಿ ಕಸ್ತೂರಮ್ಮ. ಚೀಲದಿಂದ ಎಲೆ ಅಡಿಕೆ, ಬಾಳೆಹಣ್ಣು, ಕುಪ್ಪಸದ ಕಣ ತೆಗೆಯುತ್ತಿದ್ದ ಕಸ್ತೂರಮ್ಮನ ಕೈ ಅಲ್ಲೇ ನಿಂತಿತು.

ಹತ್ತು ವರ್ಷದಿಂದ ಪ್ರತಿ ದೀಪಾವಳಿಗೂ ಆಕೆ ಇದೇ ಪ್ರೇಮಮ್ಮನಿಗೆ ಯಾರ ಕೈಯಲ್ಲಾದರೂ ಒಂದು ಕಣ ಕಳಿಸಿಕೊಡುತ್ತಿದ್ದಳು. ತನ್ನ ಜೀವ, ಮಗಳ ಜೀವ ಎರಡನ್ನೂ ಉಳಿಸಿದವಳು ಇವಳೇ ಎಂದು ನಂಬಿದ್ದಳು. ಇವತ್ತು ಮೊದಲ ಸಲ ಕೈಯಾರೆ ಕೊಡಬೇಕೆಂದು ಗಂಡನ ಜತೆ ಬಸ್ಸು ಹತ್ತಿದ್ದಳು.

೧೯೭೬ರ ದೀಪಾವಳಿಗೆ ಒಂದು ವಾರ ಮುಂಚೆ, ಶನಿವಾರ ಮಧ್ಯಾಹ್ನ, ದಾವಣಗೆರೆಯ ಸರ್ವಮಂಗಳಾ ಭಂಡಾರಕ್ಕೆ ಬೆಂಕಿ ಬಿತ್ತು. ಮೂರು ಅಂತಸ್ತಿನ ಅಂಗಡಿಯ ಒಳಗೆ ನಾನೂರಕ್ಕೂ ಹೆಚ್ಚು ಜನ ಇದ್ದರು. ಒಬ್ಬರೂ ಸಾಯಲಿಲ್ಲ. ಮೈಕಿನಲ್ಲಿ ಬಂದ ಒಂದು ಹೆಣ್ಣು ದನಿ ಎಲ್ಲರನ್ನೂ ಹಿಂಬದಿಯ ಮೆಟ್ಟಿಲಿನಿಂದ ಇಳಿಸಿ ಓಣಿಗೆ ಕಳಿಸಿತ್ತು. ಮೈಕಿನ ಕೆಲಸ ಪ್ರೇಮಮ್ಮನದು. ಜನ ಬಂದು ಆಕೆಗೆ ಕೈ ಮುಗಿದರು.

ಈಗ ಆ ಕಟ್ಟಡವನ್ನು ಕೆಡವುತ್ತಿದ್ದರು. ಜನರನ್ನು ಉಳಿಸಿದವರ ಹೆಸರು ಕೆತ್ತಿಸಿ ಅದೇ ಜಾಗದಲ್ಲಿ ಒಂದು ಕಲ್ಲು ನಿಲ್ಲಿಸಬೇಕೆಂದು ತೀರಿಹೋದ ಮಾಲೀಕರ ಹೆಂಡತಿ ಸರ್ವಮಂಗಳಮ್ಮನವರ ಆಸೆ. ಪ್ರೇಮಮ್ಮನ ಹೆಸರೇ ಸರಿಯೋ ಅಲ್ಲವೋ ತಮಗೇಕೋ ಅನುಮಾನವಿದೆ, ವಿಚಾರಿಸಿ ಹೇಳಿ ಎಂದು ಅವರು ಬೆನಕಪ್ಪನನ್ನು ಕೇಳಿಕೊಂಡಿದ್ದರು.

“ನಿಮ್ದಲ್ಲ ಅಂದ್ರೆ ಯಾರ್ದು?” ಬೆನಕಪ್ಪ ಕೇಳಿದ.

ಪ್ರೇಮಮ್ಮ ಮೊದಲಿನಿಂದ ಹೇಳಿದಳು. ಮೆಟ್ರಿಕ್ ಪಾಸಾಗಿ, ತಂದೆ ಇಲ್ಲದ ಮನೆಯಲ್ಲಿ ಕೂತಿದ್ದವಳನ್ನು ಮಾಲೀಕ ಮಹೇಶ್ವರಪ್ಪನವರೇ ಕರೆದು ಕೆಲಸ ಕೊಟ್ಟಿದ್ದರು. ಅಂಗಡಿಯ ಮೇಲಂತಸ್ತಿನಲ್ಲಿ, ಲಿಫ್ಟಿನ ಪಕ್ಕ, ಗಾಜಿನ ಕಿಟಕಿಯ ಒಂದು ಚಿಕ್ಕ ಕೋಣೆ. ಅದರಲ್ಲಿ ಒಂದು ಮೈಕು, ಒಂದು ಟೆಲಿಫೋನು. ತಪ್ಪಿಸಿಕೊಂಡ ಮಕ್ಕಳ ಹೆಸರು ಕೂಗುವುದು, ಹೊನ್ನಾಳಿ ಬಸ್ಸಿಗೆ ಹೊತ್ತಾಯಿತೆಂದು ನೆನಪಿಸುವುದು, ಹೊಸ ಸೀರೆ ಬಂದಿದೆಯೆಂದು ಸಾರುವುದು ಅವಳ ಕೆಲಸ.

ಅಂಗಡಿಯ ಮಾತು ಬಂದರೆ ಆ ಕಡೆಯ ಯಾರ ಮುಖವೂ ಅರಳುತ್ತಿತ್ತು, ಅವಳದೂ ಅರಳಿತು. ಮಹೇಶ್ವರಪ್ಪ ಮೊದಲು ಚನ್ನಗಿರಿ, ಉಬ್ರಾಣಿ, ಕತ್ತಲಗೆರೆ ಕಡೆ ಸೈಕಲ್ಲಿನ ಮೇಲೆ ಬಟ್ಟೆ ಗಂಟು ಹೊತ್ತು ಮಾರಿದವರು. ದಾವಣಗೆರೆಯಲ್ಲಿ ಒಂದು ಕೋಣೆಯ ಅಂಗಡಿ ಹಾಕಿದರು, ಹದಿಮೂರು ವರ್ಷದಲ್ಲಿ ಮೂರಂತಸ್ತು ಎಬ್ಬಿಸಿದರು. ಕೆಳಗೆ ಪಾತ್ರೆ, ಗಡಿಯಾರ, ರೇಡಿಯೋ. ನಡುವೆ ಜವಳಿ. ಮೇಲೆ ದರ್ಜಿಗಳು, ಕಾಫಿ ಕೋಣೆ. ಬಾಗಿಲಲ್ಲಿ ಸೀರೆ ಉಟ್ಟ ಎರಡು ಬೊಂಬೆ, ಪಕ್ಕದಲ್ಲಿ ಹಳ್ಳಿಯವರು ಬಸ್ಸು ಬರುವ ತನಕ ಕೂರಲು ಉದ್ದನೆಯ ಬೆಂಚು, ಕುಡಿಯಲು ನೀರಿನ ಹರವಿ. ಏನೂ ಕೊಳ್ಳದೆ ಬರೀ ಲಿಫ್ಟು ಹತ್ತಿ ಇಳಿದು ಹೋಗಲು ಬಂದವರಿಗೂ ‘ಬರ್ರಿ’ ಎನ್ನುತ್ತಿದ್ದರು.

ಬೆಂಕಿಯ ದಿನ ಮಧ್ಯಾಹ್ನ ಎರಡೂವರೆಗೆ ಅವಳು ಕೋಣೆ ಬಿಟ್ಟು, ಎದುರಿನ ಓಣಿಯಲ್ಲಿ ಬಳೆಗಾರ್ತಿಯ ಮುಂದೆ ಕೈ ಚಾಚಿ ಕೂತಿದ್ದಳು. ಹಬ್ಬಕ್ಕೆ ಬಳೆ. ಯಾರಿಗೂ ಹೇಳಿ ಬಂದಿರಲಿಲ್ಲ. ಜನ ಹೊರಗೆ ಬಂದು ಅವಳನ್ನು ಕಂಡಾಗ, ಅವಳೂ ಎಲ್ಲರ ಜತೆ ಇಳಿದು ಬಂದಳೆಂದೇ ತಿಳಿದರು. ಒಬ್ಬ ಮುದುಕಿ ಅವಳ ಕಾಲಿಗೆ ಬಿದ್ದಳು. ಆಗಲೇ ಅಲ್ಲವೆನ್ನಬೇಕಿತ್ತು. ಕೆಲಸದ ಹೊತ್ತಿನಲ್ಲಿ ಬಳೆ ತೊಡಲು ಹೋಗಿದ್ದೆನೆಂದು ಹೇಳಲು ಬಾಯಿ ಬರಲಿಲ್ಲ. ಮಾರನೆಯ ದಿನಕ್ಕೆ ಸುದ್ದಿ ಪತ್ರಿಕೆಗೆ ಹೋಗಿತ್ತು. ಆ ಮುದುಕಿಯ ಅಣ್ಣನ ಮಗನೇ ಮುಂದೆ ಅವಳನ್ನು ಮದುವೆಯಾಗಿ ನ್ಯಾಮತಿಗೆ ಕರೆತಂದ.

“ಇವತ್ತು ನಾನು ಉಣ್ತಿರೋ ಅನ್ನ ಆ ದನಿಯಿಂದ ಬಂದದ್ದು. ಅದು ಯಾರ್ದು ಅಂತ ನನಗೇ ಗೊತ್ತಿಲ್ಲ. ಸಿಕ್ಕಿದ್ರೆ ಇದನ್ನ ಕೊಡ್ರಿ” ಎಂದು ಪ್ರೇಮಮ್ಮ ಒಳಗಿನಿಂದ ಕಾಗದದಲ್ಲಿ ಸುತ್ತಿದ ರೇಷ್ಮೆ ಸೀರೆ ತಂದಳು. ಬೆಂಕಿಯ ನಂತರ ಮಹೇಶ್ವರಪ್ಪನವರು ಕೊಟ್ಟ ಉಡುಗೊರೆ. ಒಮ್ಮೆಯೂ ಉಟ್ಟಿರಲಿಲ್ಲ. “ಗಂಡಂಗೂ ನಿನ್ನೆ ರಾತ್ರಿ ಹೇಳ್ದೆ. ಸುಮ್ಮನೆ ಕೇಳಿದ್ರು. ಬೆಳಿಗ್ಗೆ ಎದ್ದು, ಒಳ್ಳೇದಾತು ಹೇಳಿದ್ದು ಅಂದ್ರು.”

ಕಸ್ತೂರಮ್ಮ ಎದ್ದು, ತಂದ ಎಲೆ ಅಡಿಕೆ, ಕಣ, ಹಣ್ಣನ್ನು ಆಕೆಯ ಉಡಿಗೆ ಹಾಕಿದಳು. ಬೇಡವೆಂದರೂ ಬಿಡಲಿಲ್ಲ. ಇಷ್ಟು ಹೇಳಿದ್ದಕ್ಕೇ ನಿನಗೆ ಇದು ಸಲ್ಲುತ್ತದೆ ಎಂದಳು.

ಗಂಡ ಹೆಂಡತಿ ಹೊನ್ನಾಳಿಗೆ ಹೋಗುವ ಬಸ್ಸು ಹತ್ತಿದರು. ಆಮೇಲೆ ಬೆನಕಪ್ಪ, ಆ ದನಿ ಹೇಳಿದ್ದು ಏನೇನು ನೆನಪಿದೆ, ಒಂದು ಮಾತೂ ಬಿಡದೆ ಹೇಳು ಎಂದ.

ಕಸ್ತೂರಮ್ಮ ಕಣ್ಣು ಮುಚ್ಚಿದಳು. ಓಡಬೇಡಿ ಅಂದಿತ್ತು. ಮಕ್ಕಳು ಮುಂದೆ ಅಂದಿತ್ತು. ಕೈ ಕೈ ಹಿಡಿದುಕೊಳ್ಳಿ ಅಂದಿತ್ತು. “ಆಮೇಲೆ ಕಸದ ಮೆಟ್ಲಾಗೆ ಇಳೀರಿ ಅಂತು. ಯಾವ ಮೆಟ್ಲು ಅಂತ ನಮಗೆ ಗೊತ್ತಾಗಲಿಲ್ಲ. ಕಾಫಿ ಕೋಣೆ ಹಿಂದಿಂದು ಅಂತ ಇನ್ನೊಂದು ಸಲ ಹೇಳ್ತು.”

ಬೆನಕಪ್ಪ ನೋಟ್‌ಬುಕ್ಕು ತೆಗೆದು ಅದೊಂದೇ ಮಾತನ್ನು ಬರೆದುಕೊಂಡ. ಗಿರಾಕಿಗಳು ಆ ಮೆಟ್ಟಿಲನ್ನು ನೋಡಿಯೇ ಇರಲಿಲ್ಲ. ಗುಮಾಸ್ತರು ಅದನ್ನು ಹಿಂದಿನ ಮೆಟ್ಟಿಲು ಎನ್ನುತ್ತಿದ್ದರು. ಕಸದ ಮೆಟ್ಟಿಲು ಎಂದು ಯಾರು ಕರೆಯುತ್ತಾರೆ? ದಿನವೂ ಅದರ ಮೇಲೆ ಕಸ ಇಳಿಸುವವರು.

ಹೊನ್ನಾಳಿಯಲ್ಲಿ ದರ್ಜಿ ಮುರುಗೇಶಪ್ಪನ ಅಂಗಡಿಗೆ ಹೋದರು. ಅವನು ಭಂಡಾರದ ಮೇಲಂತಸ್ತಿನಲ್ಲಿ ಎಂಟು ವರ್ಷ ಹೊಲಿಗೆ ಮಾಡಿದವನು. ಬೆನಕಪ್ಪ ಕೇಳಿದ್ದಕ್ಕೆ ಅವನು ತಡ ಮಾಡದೆ ಹೇಳಿದ. ಕಸ ಗುಡಿಸುತ್ತಿದ್ದವಳು ಒಬ್ಬಳೇ, ಉಚ್ಚಂಗೆಮ್ಮ ಅಂತ, ಜಗಳೂರು ಕಡೆಯವಳು, ಬಿಳಿಚೋಡು. ಬೆಂಕಿಯಾದ ವಾರದಲ್ಲೇ ಊರಿಗೆ ಹೋದವಳು ಮತ್ತೆ ದಾವಣಗೆರೆಗೆ ಬರಲಿಲ್ಲ.

ಏಳುವ ಮುಂಚೆ ಬೆನಕಪ್ಪ ಇನ್ನೊಂದು ಮಾತು ಕೇಳಿದ. ಆ ದನಿ ಬಂದಾಗ ಹೊಗೆ ಎಷ್ಟಿತ್ತು?

ಮುರುಗೇಶಪ್ಪ ಬಟ್ಟೆಗೆ ಗುರುತು ಹಾಕುತ್ತಿದ್ದ ಸೀಮೆಸುಣ್ಣವನ್ನು ಕೆಳಗಿಟ್ಟ.

“ಹೊಗೆ ಇರಲೇ ಇಲ್ರೀ” ಎಂದ.

ಅವನು ಮಿಷನ್ನು ಬಿಟ್ಟು ಎಲ್ಲರ ಜತೆ ಓಣಿಗೆ ಇಳಿದಿದ್ದ. ಹತ್ತಿ ಗಿರಣಿಯ ಮೂರು ಗಂಟೆಯ ಸೈರನ್ನು ಕೂಗಿದಾಗ ಬೀದಿಯಲ್ಲಿ ನಿಂತು ಅಂಗಡಿಯನ್ನೇ ನೋಡುತ್ತಿದ್ದ. ಏನೂ ಆಗಿರಲಿಲ್ಲ. ಯಾರೋ ಆಟ ಆಡಿಸಿದರೆಂದು ಬೈದುಕೊಂಡು, ಅರ್ಧ ಹೊಲಿದ ಕೋಟಿಗಾಗಿ ವಾಪಸು ಹೊರಟಿದ್ದ. ಮುಂದಿನ ಮೆಟ್ಟಿಲ ಹತ್ತಿರದ ಜವಳಿ ಕಿಟಕಿಯಿಂದ ಹೊಗೆ ಬಂದದ್ದು ಆಮೇಲೆ. ಹತ್ತು ನಿಮಿಷದಲ್ಲಿ ಮುಂದಿನ ಮೆಟ್ಟಿಲೂ ಲಿಫ್ಟೂ ಉರಿಯುತ್ತಿದ್ದವು. ಇದನ್ನು ಅವನು ಯಾರಿಗೂ ಹೇಳಿರಲಿಲ್ಲ, ಯಾರೂ ಕೇಳಿರಲಿಲ್ಲ. ಬದುಕಿ ಬಂದವನಿಗೆ ಗಡಿಯಾರದ ಲೆಕ್ಕ ಯಾಕೆ ಎಂದುಕೊಂಡಿದ್ದ.

ವಿದ್ಯುತ್ ತಂತಿಯ ದೋಷದಿಂದ ಆಕಸ್ಮಿಕವಾಗಿ ಬಿದ್ದ ಬೆಂಕಿ ಎಂದು ವರದಿಯಾಗಿತ್ತು. ಅದನ್ನು ಬೆನಕಪ್ಪ ಓದಿದ್ದ. ಆಕಸ್ಮಿಕ ಬರುವುದಕ್ಕೆ ಕಾಲು ಗಂಟೆ ಮುಂಚೆ ಅದು ಬರುತ್ತದೆಂದು ಒಬ್ಬ ಹೆಂಗಸಿಗೆ ಗೊತ್ತಿತ್ತು.

ಮಾರನೆಯ ದಿನ ಹೊತ್ತೇರುವ ಹೊತ್ತಿಗೆ ದಂಪತಿ ಬಿಳಿಚೋಡಿನಲ್ಲಿ ಇಳಿದರು. ದಾವಣಗೆರೆಯಲ್ಲಿ ಬಸ್ಸು ಬದಲಿಸುವಾಗ ಭಂಡಾರದ ಮುಂದೆ ಹಾದುಬಂದಿದ್ದರು. ಮೇಲಿನ ಎರಡು ಅಂತಸ್ತು ಆಗಲೇ ಇರಲಿಲ್ಲ. ಕೆಳಗಿನ ಗೋಡೆಯ ಮೇಲೆ ಹಸಿರು ಬಣ್ಣದಲ್ಲಿ ‘ಸರ್ವಮಂ’ ಎಂಬಷ್ಟು ಅಕ್ಷರ ಉಳಿದಿತ್ತು. ಹಾರೆ ಹಿಡಿದ ಕೂಲಿಯವನೊಬ್ಬ ನಿಂತು ಬೀಡಿ ಹಚ್ಚುತ್ತಿದ್ದ. ಕಸ್ತೂರಮ್ಮ ಬಸ್ಸಿನ ಕಿಟಕಿಯಿಂದಲೇ ಕೈ ಮುಗಿದಿದ್ದಳು.

ಉಚ್ಚಂಗೆಮ್ಮನ ಮನೆ ಕೇಳಿದ್ದಕ್ಕೆ ಒಬ್ಬ ಕುರಿಗಾಹಿ ಕೋಲು ಚಾಚಿ ಬೇವಿನ ಮರ ತೋರಿಸಿದ. ಮರದ ನೆರಳಲ್ಲಿ ಐದಾರು ಹೆಂಗಸರು ಶೇಂಗಾ ಬಳ್ಳಿಯಿಂದ ಕಾಯಿ ಬಿಡಿಸುತ್ತಿದ್ದರು. ತುದಿಯಲ್ಲಿ ಕೂತವಳು ಐವತ್ತೈದು ದಾಟಿದ, ತೆಳ್ಳನೆಯ ಹೆಂಗಸು. ಎಡಗಿವಿಯ ಹಿಂದೆ ಕೂದಲು ಬೆಳೆಯದ ಒಂದು ಸುಟ್ಟ ಗುರುತು.

ಬೆನಕಪ್ಪ ಹೆಸರು ಹೇಳಿ, ಮುಂಚೆ ಪೊಲೀಸಿನಲ್ಲಿದ್ದೆ ಎಂದ. ಅದು ತಪ್ಪಾಯಿತು. ಉಚ್ಚಂಗೆಮ್ಮನ ಮುಖ ಮುಚ್ಚಿದ ಬಾಗಿಲಾಯಿತು. ತಾನು ಏನೂ ಕದ್ದವಳಲ್ಲ, ಆ ಅಂಗಡಿಯಿಂದ ಒಂದು ದಾರದ ಎಳೆಯನ್ನೂ ತಂದವಳಲ್ಲ ಎಂದು ಬಳ್ಳಿಯನ್ನೇ ನೋಡುತ್ತ ಹೇಳಿದಳು. ಉಳಿದ ಹೆಂಗಸರು ಒಬ್ಬೊಬ್ಬರಾಗಿ ಎದ್ದು ಇನ್ನೊಂದು ರಾಶಿಯ ಕಡೆ ಹೋದರು.

ಕಸ್ತೂರಮ್ಮ ಗಂಡನಿಗೆ ಕಣ್ಣಿನಲ್ಲೇ ಸುಮ್ಮನಿರಲು ಹೇಳಿ, ಸೆರಗು ಸಿಕ್ಕಿಸಿ ನೆಲದ ಮೇಲೆ ಕೂತಳು. ಒಂದು ಬಳ್ಳಿ ಎಳೆದುಕೊಂಡು ತಾನೂ ಕಾಯಿ ಬಿಡಿಸತೊಡಗಿದಳು. ಮಗಳ ಮದುವೆಯ ಜವಳಿಗೆಂದು ಆ ಅಂಗಡಿಗೆ ಹೋಗಿದ್ದು, ಮೊದಲ ಸಲ ಲಿಫ್ಟು ಹತ್ತಿ ಹೆದರಿ ಮಗಳ ತೋಳು ಹಿಡಿದದ್ದು, ಲಿಫ್ಟಿನವನು ನಕ್ಕದ್ದು, ಎಲ್ಲವನ್ನೂ ಹೇಳಿದಳು.

ಉಚ್ಚಂಗೆಮ್ಮನ ಬೆರಳು ನಿಧಾನವಾಯಿತು. ತನಗೂ ಮೊದಲು ಹೆದರಿಕೆಯಾಗಿತ್ತು ಎಂದಳು. ಪೊರಕೆ ಬುಟ್ಟಿ ಹೊತ್ತವಳು ಗಿರಾಕಿಗಳ ಲಿಫ್ಟಿನಲ್ಲಿ ನಿಲ್ಲಬಾರದೆಂದು ಒಬ್ಬ ಗುಮಾಸ್ತ ತಡೆದಿದ್ದನಂತೆ. ಮಹೇಶ್ವರಪ್ಪ ಕಂಡು, ಅವನನ್ನೇ ಕೆಳಗಿಳಿಸಿ ಇವಳನ್ನು ಹತ್ತಿಸಿದ್ದರಂತೆ. ಅವತ್ತಿನಿಂದ ದಿನಕ್ಕೊಂದು ಸಲವಾದರೂ ಅವಳು ಲಿಫ್ಟಿನಲ್ಲೇ ಮೇಲೆ ಹೋಗಬೇಕೆಂದು ಅಪ್ಪಣೆ.

“ನಮ್ಮೋರು ಕಾಯಿಲೆ ಬಿದ್ದಾಗ ಆಸ್ಪತ್ರಿಗೆ ತಾವೇ ಬಂದು ಕೂತಿದ್ರು ಯಜಮಾನ್ರು. ಅಂಥೋರ ಉಪ್ಪು ತಿಂದಿದೀನಿ” ಎಂದಳು.

ಕಸ್ತೂರಮ್ಮ ತಲೆ ಎತ್ತಲಿಲ್ಲ. ಕಾಯಿ ಬಿಡಿಸುತ್ತಲೇ ಹೇಳಿದಳು.

“ಬೆಂಕಿ ದಿನ ಮಗಳು ಸೀರೆ ಹೆಗಲ ಮೇಲೆ ಹಾಕ್ಕೊಂಡು ಕನ್ನಡಿ ಮುಂದೆ ನಿಂತಿದ್ಲು. ಅರಿಶಿನ ಬಣ್ಣದ್ದು. ಚೆನ್ನಾಗೈತೇನಮ್ಮ ಅಂತ ಕೇಳಿದ್ಲು. ನಾನು ಬಾಯಿ ತೆಗೆಯಾಕೆ ಮುಂಚೆ ಮೈಕಿನಾಗೆ ಒಂದು ದನಿ ಬಂತಕ್ಕ.”

ಉಚ್ಚಂಗೆಮ್ಮನ ಕೈ ನಿಂತಿತು. ದೂರದ ರಾಶಿಯ ಹೆಂಗಸರ ಮಾತು ಮಾತ್ರ ಕೇಳುತ್ತಿತ್ತು. ಆಕೆ ಬೆನಕಪ್ಪನನ್ನು ನೋಡಿದಳು, ಕಸ್ತೂರಮ್ಮನನ್ನು ನೋಡಿದಳು. ಆಮೇಲೆ ಮಣ್ಣು ಮೆತ್ತಿದ ಕೈಯನ್ನು ಮಡಿಲಲ್ಲಿಟ್ಟುಕೊಂಡು, ಎದುರಿನ ಬಯಲಿಗೆ ಹೇಳುವವಳಂತೆ ಹೇಳಿದಳು.

“ತಾಯಂದಿರಾ, ಅಪ್ಪಂದಿರಾ, ಎಲ್ರೂ ಕಸದ ಮೆಟ್ಲಾಗೆ ಇಳೀರಿ. ಓಡಬ್ಯಾಡ್ರಿ. ಕೈ ಕೈ ಹಿಡ್ಕಳ್ರಿ. ಮಕ್ಕಳು ಮುಂದೆ.”

ವಯಸ್ಸಿನಿಂದ ದನಿ ಸ್ವಲ್ಪ ಒಡೆದಿತ್ತು. ‘ಹಿಡ್ಕಳ್ರಿ’ ಎನ್ನುವಲ್ಲಿ ಅದು ಮೇಲೇರಿ ಇಳಿದ ರೀತಿ ಮಾತ್ರ ಹಾಗೇ ಇತ್ತು. ಕಸ್ತೂರಮ್ಮನಿಗೆ ಇನ್ನು ಸಾಕ್ಷಿ ಬೇಕಿರಲಿಲ್ಲ. ಬಳ್ಳಿಯನ್ನು ಪಕ್ಕಕ್ಕೆ ಸರಿಸಿ ಆಕೆ ಬಗ್ಗಿ ಉಚ್ಚಂಗೆಮ್ಮನ ಎರಡೂ ಪಾದ ಹಿಡಿದಳು.

ಉಚ್ಚಂಗೆಮ್ಮ ಕಾಲು ಎಳೆದುಕೊಳ್ಳಲು ನೋಡಿದಳು. ನಿಮ್ಮಂಥೋರು ನಮ್ಮ ಕಾಲು ಮುಟ್ಟಬಾರದು ಎಂದಳು. ಕಸ್ತೂರಮ್ಮ ಬಿಡಲಿಲ್ಲ.

“ಅವಳಿಗೀಗ ಎರಡು ಮಕ್ಕಳು ಅಕ್ಕ. ಆ ಮಕ್ಕಳ ಮುಖ ನೋಡಿದಾಗೆಲ್ಲ ನಾನು ಹೆಸರು ಗೊತ್ತಿಲ್ಲದೆ ನಿನಗೇ ಕೈ ಮುಗಿದೀನಿ. ಹತ್ತು ವರ್ಷ ಬೇರೆಯೋರ ವಿಳಾಸಕ್ಕೆ ಕಳಿಸ್ದೆ, ಅಷ್ಟೇ.”

“ಅವರಿಗೂ ಕಳಿಸ್ರಿ, ಏನಾತು. ಆ ಹುಡುಗಿಗೆ ಒಳ್ಳೇ ಮನೆ ಸಿಕ್ತು ಅಂತ ಕೇಳಿದ್ದೆ. ಸಂತೋಷ ಆಗಿತ್ತು ನಂಗೆ” ಎಂದಳು ಉಚ್ಚಂಗೆಮ್ಮ. ಅವಳ ಕಣ್ಣೂ ತುಂಬಿತ್ತು.

ಬೆನಕಪ್ಪ ಬೇರೆ ಕಡೆ ತಿರುಗಿ ನಿಂತು ಕನ್ನಡಕ ಒರೆಸಿಕೊಂಡ. ಮೂವತ್ತು ವರ್ಷದ ನೌಕರಿಯಲ್ಲಿ ಕದ್ದವರನ್ನು, ಓಡಿಹೋದವರನ್ನು, ಸುಳ್ಳು ಹೇಳಿದವರನ್ನು ಹುಡುಕಿದ್ದ. ತನ್ನ ಮನೆಯ ದೀಪ ಉಳಿಸಿದವರನ್ನು ಹುಡುಕಿ ಎದುರಿಗೆ ನಿಂತದ್ದು ಇದೇ ಮೊದಲು. ಬಂದು ಉಚ್ಚಂಗೆಮ್ಮನ ಎದುರು ಮೊಣಕಾಲೂರಿ ಕೂತು ತಾನೂ ಕೈ ಮುಗಿದ.

ಪ್ರೇಮಮ್ಮನ ರೇಷ್ಮೆ ಸೀರೆಯನ್ನು ಕಸ್ತೂರಮ್ಮ ಉಚ್ಚಂಗೆಮ್ಮನ ಮಡಿಲಿಗೆ ಹಾಕಿದಳು. ಆಕೆ ಕಾಗದ ಬಿಚ್ಚಿ ಅಂಚನ್ನು ಬೆರಳಲ್ಲಿ ಮುಟ್ಟಿ ನೋಡಿ, ಇಂಥದ್ದು ಎರಡನೇ ಕಪಾಟಿನಲ್ಲಿರುತ್ತಿತ್ತು, ಗುಡಿಸುವಾಗ ದಿನಾ ನೋಡುತ್ತಿದ್ದೆ ಎಂದು ನಕ್ಕಳು.

ಅಲ್ಲಿಗೇ ಎದ್ದು ಹೋಗಬಹುದಿತ್ತು. ಸರ್ವಮಂಗಳಮ್ಮನವರು ಕೇಳಿದ್ದು ಹೆಸರು, ಹೆಸರು ಸಿಕ್ಕಿತ್ತು. ಬೆನಕಪ್ಪ ಏಳಲಿಲ್ಲ. ಅವನ ಮುಖ ನೋಡಿದ ಕೂಡಲೇ ಕಸ್ತೂರಮ್ಮನಿಗೆ ಗೊತ್ತಾಯಿತು.

“ಇವತ್ತು ಬ್ಯಾಡ ಕಣ್ರಿ” ಎಂದಳು ಮೆಲ್ಲಗೆ.

ಅವನಿಗೂ ಬೇಡವೇ ಆಗಿತ್ತು. ಊಟಕ್ಕಿಟ್ಟವರ ಕೈಯನ್ನೇ ತಿರುವಿದ ಹಾಗೆ ಅನ್ನಿಸುತ್ತಿತ್ತು. ಆದರೆ ದರ್ಜಿಯ ಮಾತು ಹೊನ್ನಾಳಿಯಿಂದ ಇಲ್ಲಿಯ ತನಕ ಅವನನ್ನು ಬಿಟ್ಟಿರಲಿಲ್ಲ. ಅವನು ಮುರುಗೇಶಪ್ಪ ಕಂಡದ್ದನ್ನು ಉಚ್ಚಂಗೆಮ್ಮನಿಗೆ ಹೇಳಿದ. ಸೈರನ್ನು ಕೂಗಿದಾಗ ಜನ ಆಗಲೇ ಬೀದಿಯಲ್ಲಿದ್ದರು. ಹೊಗೆ ಆಮೇಲೆ ಬಂತು.

“ನಿಮ್ಮನ್ನ ಅನುಮಾನಿಸಾಕೆ ಬಂದಿಲ್ಲ ಉಚ್ಚಂಗೆಮ್ಮ. ನನ್ನ ಹೆಂಡ್ತಿ, ಮಗಳು ನೀವು ಕೊಟ್ಟಿದ್ದು. ಆದ್ರೂ ಕೇಳ್ಬೇಕು. ಹೊಗೆ ಬರಾಕೆ ಮುಂಚೇನೇ ನಿಮಗೆ ಹೆಂಗೆ ಗೊತ್ತಾತು?”

ಉಚ್ಚಂಗೆಮ್ಮ ಸೀರೆಯನ್ನು ಮೊದಲಿದ್ದ ಹಾಗೇ ಕಾಗದದಲ್ಲಿ ಸುತ್ತಿದಳು. ಗಡಿಬಿಡಿಯಿಲ್ಲದೆ, ಮೂಲೆ ಮೂಲೆ ಸರಿ ಮಾಡಿ ಸುತ್ತಿದಳು.

“ಇದನ್ನ ಯಾರೂ ಕೇಳಬಾರದು ಅಂತಲೇ ಊರು ಸೇರ್ಕೊಂಡೆ” ಎಂದಳು.

ಅವತ್ತು ಅವಳು ಮೈಕಿನ ಕೋಣೆ ಗುಡಿಸುತ್ತಿದ್ದಳು. ಪ್ರೇಮಮ್ಮ ಇರಲಿಲ್ಲ. ಟೆಲಿಫೋನು ಬಡಿದುಕೊಳ್ಳತೊಡಗಿತು. ನಿಲ್ಲುತ್ತದೆಂದು ಕಾದಳು, ನಿಲ್ಲಲಿಲ್ಲ. ಹುಟ್ಟಿದ ಮೇಲೆ ಒಮ್ಮೆಯೂ ಫೋನು ಮುಟ್ಟಿದವಳಲ್ಲ. ಪ್ರೇಮಮ್ಮ ಮಾಡುವುದನ್ನು ನೋಡಿದ್ದಳು, ಹಾಗೇ ಎತ್ತಿ ಕಿವಿಗಿಟ್ಟಳು. ಮೊದಲು ಎಕ್ಸ್‌ಚೇಂಜಿನ ಒಬ್ಬ ಗಂಡಸು, ಟ್ರಂಕ್ ಕಾಲ್ ಬಂದಿದೆ, ಮಾತಾಡಿ ಎಂದ. ಆಮೇಲೆ ಹೆಂಗಸಿನ ದನಿ ಬಂತು.

“ಪ್ರೇಮಾನಾ ಅಂತ ಕೇಳಿದ್ರು. ಅಲ್ಲ, ಗುಡಿಸೋಳು ಅಂದೆ. ಯಾರಾದ್ರೂ ಸರಿ, ಜನಾನ ಎಲ್ಲ ಹೊರಗೆ ಕಳಿಸು, ಬೆಂಕಿ ಬೀಳ್ತದೆ, ಮುಂದಿನ ಮೆಟ್ಲು ಬ್ಯಾಡ, ಲಿಫ್ಟೂ ಬ್ಯಾಡ ಅಂದ್ರು. ಅಳ್ತಿದ್ರು ಸಾಮಿ. ಅಷ್ಟು ಅಳೋರು ಆಟಕ್ಕೆ ಹೇಳಿರಾಕಿಲ್ಲ ಅನ್ನಿಸ್ತು. ಯಾರು ನೀವು ಅಂದೆ. ಫೋನು ಇಟ್ಟುಬಿಟ್ರು.”

ಮೈಕು ಒತ್ತುವ ಗುಂಡಿ ಎಲ್ಲಿದೆಯೆಂದು ಗೊತ್ತಿತ್ತು, ದಿನಾ ಅದರ ಮೇಲಿನ ಧೂಳು ಒರೆಸುತ್ತಿದ್ದಳು. ಒತ್ತಿ, ಬಾಯಿಗೆ ಬಂದದ್ದನ್ನು ಹೇಳಿದಳು. ಮೂರು ಸಲ ಹೇಳಿದಳು. ಜನ ಇಳಿಯುವುದನ್ನು ಗಾಜಿನಿಂದ ನೋಡುತ್ತ ನಿಂತಳು. ಮೇಲಂತಸ್ತು ಖಾಲಿಯಾದ ಮೇಲೆ ನಡುವಿನ ಜವಳಿಗೆ ಇಳಿದು ಕಪಾಟುಗಳ ಸಂದಿಗಳನ್ನೆಲ್ಲ ಹುಡುಕಿದಳು. ಬಟ್ಟೆ ಬದಲಿಸುವ ಕೋಣೆಯೊಳಗೆ ಒಬ್ಬ ಬಾಣಂತಿ ಕೂಸಿಗೆ ಹಾಲು ಕೊಡುತ್ತ ಕೂತಿದ್ದಳು, ಕಿವಿ ಮಂದ. ಅವಳನ್ನು ಎಬ್ಬಿಸಿ ಕರೆದುಕೊಂಡು ಬರುವಾಗಲೇ ಉರಿ ಚಾಚಿ ಕೂದಲು ಹಿಡಿದದ್ದು.

ಪೊಲೀಸರಿಗೆ ಇದನ್ನು ಆಗಲೇ ಯಾಕೆ ಹೇಳಲಿಲ್ಲ ಎಂದು ಬೆನಕಪ್ಪ ಕೇಳಿದ.

“ಹೆಂಗೆ ಹೇಳ್ಲಿ ಸಾಮಿ? ಫೋನು ಬಂದದ್ದೇ ಪೊಲೀಸ್ ಸ್ಟೇಷನ್ನಿಂದ.”

ಕಸ್ತೂರಮ್ಮ ತಲೆ ಎತ್ತಿದಳು.

ಯಾವ ಸ್ಟೇಷನ್ನು ಎಂದು ಬೆನಕಪ್ಪ ಕೇಳಿದ. ಉಚ್ಚಂಗೆಮ್ಮ ಸಂಕೋಚಪಟ್ಟಳು. ಟ್ರಂಕ್ ಕಾಲಿನ ಗಂಡಸು ಮೊದಲೇ ಹೇಳಿದ್ದ, ಆ ಮಾತು ಮಾತ್ರ ತನಗೆ ಮರೆತಿಲ್ಲ ಎಂದಳು.

“ಚನ್ನಗಿರಿ ಪೊಲೀಸ್ ಸ್ಟೇಷನ್ನು ಅಂದ.”

ಬೇವಿನ ನೆರಳು ಸರಿದು ಬಿಸಿಲು ಬೆನಕಪ್ಪನ ಬೆನ್ನಿಗೆ ಬಿದ್ದಿತ್ತು. ಅವನಿಗೆ ಅದು ತಿಳಿಯಲಿಲ್ಲ. ೧೯೭೬ರಲ್ಲಿ ಚನ್ನಗಿರಿ ಠಾಣೆಯ ಸಬ್ ಇನ್ಸ್‌ಪೆಕ್ಟರ್ ಅವನೇ. ಆ ಶನಿವಾರ ಉಳಿದವರೆಲ್ಲ ಬಂದೋಬಸ್ತಿಗೆ ಹೋಗಿದ್ದರು. ಠಾಣೆಯಲ್ಲಿ ಇದ್ದವನು ಅವನೊಬ್ಬನೇ. ಟೆಲಿಫೋನು ಇದ್ದದ್ದು ಅವನ ಮೇಜಿನ ಮೇಲೆ.

ಉಚ್ಚಂಗೆಮ್ಮನಿಗೆ ಮತ್ತೆ ಬರುತ್ತೇವೆಂದು ಹೇಳಿ ಎದ್ದರು. ಆಕೆ ಬರಿಗೈಲಿ ಕಳಿಸಲಿಲ್ಲ. ಕಸ್ತೂರಮ್ಮನ ಚೀಲದ ತುಂಬ ಹಸಿ ಶೇಂಗಾ ಸುರಿದು, ಮೊಮ್ಮಕ್ಕಳಿಗೆ ಬೇಯಿಸಿ ಕೊಡಲು ಹೇಳಿದಳು.

ಬಸ್ ನಿಲ್ದಾಣದ ಹುಣಸೆ ಮರದ ಕೆಳಗೆ ಬಂದ ಮೇಲೆ ಕಸ್ತೂರಮ್ಮ ನಿಂತಳು. ಚೀಲ ಕೆಳಗಿಟ್ಟಳು.

“ಅವತ್ತು ಸ್ಟೇಷನ್ನಾಗೆ ಒಬ್ನೇ ಇದ್ದೆ ಅಂತಿದ್ರಲ್ಲ?”

“ಒಬ್ನೇ ಇದ್ದೆ. ಒಬ್ಬರು ಬಂದಿದ್ರು.”

ಎರಡು ಗಂಟೆಯ ಮೇಲೆ ಬಂದಿದ್ದರು. ಹಬ್ಬಕ್ಕೆ ಚನ್ನಗಿರಿಯ ತವರಿಗೆ ಬಂದವರು. ಕುರ್ಚಿ ಕೊಟ್ಟಿದ್ದ, ನೀರು ಕೊಟ್ಟಿದ್ದ. ಏನೋ ಹೇಳಲು ಬಂದವರಂತೆ ಕೂತು, ಹತ್ತು ನಿಮಿಷವಾದರೂ ಹೇಳಲಿಲ್ಲ. ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ, ಬಿಚ್ಚುತ್ತ ಇದ್ದರು. ದೊಡ್ಡ ಮನೆಯವರು, ಮೌನವಾಗಿ ಕೂರಿಸಬಾರದೆಂದು ಬೆನಕಪ್ಪನೇ ಮಾತು ತೆಗೆದಿದ್ದ. ನಮ್ಮ ಮನೆಯವಳೂ ಮಗಳೂ ಇವತ್ತು ಮದುವೆ ಜವಳಿಗೆ ನಿಮ್ಮ ಅಂಗಡಿಗೇ ಹೋಗಿದ್ದಾರೆ ಎಂದಿದ್ದ.

ಆಗ ಅವರು ಎದ್ದು ನಿಂತರು. ಒಂದು ಫೋನು ಮಾಡಬೇಕೆಂದರು. ಅರ್ಜೆಂಟ್ ಕಾಲ್ ಬುಕ್ ಮಾಡಿ ಕೊಟ್ಟವನು ಬೆನಕಪ್ಪನೇ. ಗಂಡ ಹೆಂಡತಿ ಮಾತಾಡಿಕೊಳ್ಳಲಿ ಎಂದು ಮರ್ಯಾದೆಗೆ ಹೊರಗೆ ಬಂದು, ಬಾಗಿಲಿಗೆ ಬೆನ್ನು ಮಾಡಿ ನಿಂತಿದ್ದ. ಸಂಜೆ ಬೆಂಕಿಯ ಸುದ್ದಿ ಬಂದಾಗ ಅವರ ತವರಿಗೆ ಹೋಗಿ ತಿಳಿಸಿದವನೂ ಅವನೇ. ಅವರು ಮೊದಲು ಕೇಳಿದ ಮಾತು, ಎಲ್ಲರೂ ಹೊರಗೆ ಬಂದರಾ ಎಂದು. ಬಂದರು ಎಂದ ಮೇಲೆ ಗೋಡೆಗೆ ಒರಗಿ ಅತ್ತಿದ್ದರು.

“ಯಾರ್ರಿ ಅವರು?” ಕಸ್ತೂರಮ್ಮ ಕೇಳಿದಳು. ಕೇಳುವಾಗಲೇ ಅವಳಿಗೆ ಗೊತ್ತಾಗಿತ್ತು.

“ಸರ್ವಮಂಗಳಮ್ಮ.”

ಕಸ್ತೂರಮ್ಮ ಮರದ ಬೇರಿನ ಮೇಲೆ ಕೂತಳು. “ಹಂಗಾದ್ರೆ ನಾವು ಬದುಕಿರೋದು ಅವರಿಂದಾನೂ” ಎಂದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ.

ಬೆನಕಪ್ಪ ಹೌದೆಂದ. ಜಗಳೂರಿನ ಕಡೆಯಿಂದ ಬಸ್ಸು ಧೂಳೆಬ್ಬಿಸಿಕೊಂಡು ಬರುತ್ತಿತ್ತು. ನಾಳೆ ಬೆಳಿಗ್ಗೆ ಅವರ ಮುಂದೆ ಹೋಗಿ ಕೂರಬೇಕು. ಕಲ್ಲಿನ ಮೇಲೆ ಕೆತ್ತಿಸುವ ಹೆಸರು ಹೇಳಬೇಕು. ಅದಾದ ಮೇಲೆ ಇನ್ನೊಂದು ಮಾತು ಕೇಳಬೇಕು. ಅವತ್ತು ಫೋನಿನ ವಿಚಾರಕ್ಕೆ ಮುಂಚೆ, ಸೆರಗು ಸುತ್ತುತ್ತ ಕೂತಿದ್ದಾಗ, ಬೆಂಕಿ ಇಡಲಿದ್ದ ಯಾರ ಹೆಸರು ಹೇಳಲು ಪೊಲೀಸ್ ಸ್ಟೇಷನ್ನಿಗೆ ಬಂದಿದ್ದಿರಿ ಎಂದು.